ದಬ್ಬಳದಿಂದ ಜನತಾ ವಾಚ್‌ಗೆ ಜೀವ ಕೊಟ್ಟ ಕಥೆ

ಎಚ್‌ಎಂಟಿ ಜನತಾ ವಾಚ್‌ಗೆ ಬ್ಯಾಲೆನ್ಸ್ ಸ್ಟಾಫ್, ಅಂದರೆ ಒಳಗೆ ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರದ ಉಕ್ಕಿನ ಅಚ್ಚುಕಡ್ಡಿ, ನಾನೇ ಕಡೆದು ಹಾಕ್ತೀನಿ ಅಂದಾಗ ಪಕ್ಕದಂಗಡಿಯವರು ನಂಬಲಿಲ್ಲ. "ಇನ್ನೊಂದು ವಾಚಿನ ಮಷಿನ್‌ನಿಂದ ಬ್ಯಾಲೆನ್ಸ್ ಎತ್ತಿ ಹಾಕು ಗುರೂ, ಸುಮ್ನೆ ಯಾಕೆ ಕಷ್ಟ" ಅಂದರು. ಹಾಗೆ ಮಾಡಿದರೆ ಒಂದು ವಾಚ್ ಉಳಿಸೋಕೆ ಇನ್ನೊಂದನ್ನು ಕೊಂದ ಹಾಗೆ, ಅಲ್ವಾ? 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಲ್ಲಿ ಶುರುವಾದ ವಾಚ್ ತಯಾರಿಕೆ ಎಚ್‌ಎಂಟಿಯದು. 2016ರಲ್ಲಿ ಮುಚ್ಚೋ ತೀರ್ಮಾನವಾಯಿತು. ಇರುವ ಮಷಿನ್‌ಗಳಷ್ಟೇ ನಮ್ಮ ಪಾಲಿನ ಆಸ್ತಿ.

ಹೊರಗಿನಿಂದ ತರಿಸಿದ ಸ್ಟಾಫ್‌ಗಳು ಅಳತೆಗೆ ಕೂರಲಿಲ್ಲ. ಅಲ್ಲೇ ಸಾವಿರದೈನೂರು ಹೋಯಿತು. ನಾನೇ ಕಡೆಯೋಕೆ ಅಂತ ಹಳೇ ಲೇತ್ ಯಂತ್ರಕ್ಕೆ ಸುಮಾರು 22 ಸಾವಿರ ಕೊಟ್ಟೆ. ಮನೆಯಲ್ಲಿ ಒಂದು ವಾರ ಮಾತಿಲ್ಲ.

ಮೊದಲು ಹಳೇ ಸ್ಟಾಫನ್ನು ಪಂಚ್‌ನಿಂದ ಹೊಡೆದು ತೆಗೆದೆ. ಚಕ್ರದ ತೂತು ಅಗಲವಾಯಿತು, ತೋಳು ಬಾಗಿತು. ನಾಲ್ಕೈದು ಚಕ್ರ ಹಾಳಾದ ಮೇಲೆ, ಸ್ಟಾಫನ್ನು ಚಕ್ರಕ್ಕೆ ಬಿಗಿಹಿಡಿದ ರಿವೆಟ್ಟನ್ನು ಲೇತ್‌ನಲ್ಲೇ ಕತ್ತರಿಸೋದು ಕಲಿತೆ.

ಉಕ್ಕಿಗೆ ಗೋಣಿ ಹೊಲಿಯೋ ದಬ್ಬಳ ಹಿಡಿದೆ. ಸಂತೆಯಲ್ಲಿ ತಂದದ್ದು ಎಷ್ಟು ಕಾಯಿಸಿ ಅದ್ದಿದರೂ ಮೆತ್ತಗೇ ಇತ್ತು. ಅಜ್ಜಿಯ ಕಾಲದ ದಬ್ಬಳ ಮಾತ್ರ ಗಟ್ಟಿಯಾಯಿತು, ಅರ ಅದರ ಮೇಲೆ ಜಾರಿತು! ನೀರಲ್ಲಿ ಅದ್ದಿದರೆ ಸೊಟ್ಟಗಾಗುತ್ತೆ. ಕೊಬ್ಬರಿ ಎಣ್ಣೆ, ಹೊಂಗೆ ಎಣ್ಣೆ, ಹರಳೆಣ್ಣೆ ಎಲ್ಲ ನೋಡಿದೆ. ಹರಳೆಣ್ಣೆಗೆ ಮನೆ ತುಂಬ ಹೊಗೆ. ಹೊಂಗೆಯೇ ನನಗೆ ಒಗ್ಗಿತು. ಆಮೇಲೆ ಗಡಸು ಸ್ವಲ್ಪ ಇಳಿಯಲಿ ಅಂತ ಉಕ್ಕು ನೀಲಿಗೆ ತಿರುಗುವವರೆಗೆ ಮತ್ತೆ ಕಾಯಿಸಿ, ಕಡೆದೆ.

ಸ್ಟಾಫ್ ತಿರುಗೋದು ಎರಡು ಕೊನೆಯ ಪಿವಟ್‌ಗಳ ಮೇಲೆ; ಆ ತುದಿ ಹತ್ತಿರ ಹತ್ತಿರ 0.1 ಮಿ.ಮೀ. ದಪ್ಪ. ಪಾಲಿಶ್ ಮಾಡುವಾಗಲೇ ಹದಿನಾಲ್ಕೋ ಹದಿನೈದೋ ಮುರಿದವು. ಈಗ ಮುರಿಯಲ್ಲ. ತುದಿಗೆ ಆಸರೆ ಕೊಡುವ ರೀತಿಯಲ್ಲೇ ಗುಟ್ಟಿದೆ, ಅದನ್ನು ಇಲ್ಲಿ ಬರೆಯಲ್ಲ.

ಕೂರಿಸಿದ ಮೇಲೂ ಹೇರ್‌ಸ್ಪ್ರಿಂಗ್, ಅಂದರೆ ಚಕ್ರವನ್ನು ಹಿಂದಕ್ಕೆ ಎಳೆಯುವ ಕೂದಲೆಳೆಯಂಥ ಸುರುಳಿ, ಓರೆ. ಜಾಲಹಳ್ಳಿಯ ಎಚ್‌ಎಂಟಿ ಕಾರ್ಖಾನೆಯಲ್ಲಿ ವಾಚ್ ಜೋಡಿಸೋ ವಿಭಾಗದಲ್ಲಿ ದುಡಿದ ಚಿಕ್ಕಮ್ಮನ ಹತ್ತಿರ ಒಯ್ದೆ. "ತಿರುಚಬೇಡ ಕಣೋ, ಬುಡದಲ್ಲಿ ನೋಡು" ಅಂದರು. ಎರಡು ಚಿಮಟದಲ್ಲಿ ಎರಡೇ ನಿಮಿಷಕ್ಕೆ ಸರಿಮಾಡಿದರು. ಅಂಥ ಕೈ ಎಷ್ಟು ಉಳಿದಿವೆ ಹೇಳಿ?

ಗಂಟೆಗೆ 18,000 ಬಡಿತದ ಮಷಿನ್ ಅದು. ಮೊದಲು ಆಂಪ್ಲಿಟ್ಯೂಡ್, ಅಂದರೆ ಚಕ್ರ ಒಂದು ಕಡೆಗೆ ತೂಗುವ ಅಳತೆ, 180 ಡಿಗ್ರಿ ದಾಟಲಿಲ್ಲ. ಪಿವಟ್ ಮತ್ತೊಮ್ಮೆ ಉಜ್ಜಿದ ಮೇಲೆ 240ರ ಆಸುಪಾಸು ಬಂತು. ದಿನಕ್ಕೆ 15-20 ಸೆಕೆಂಡ್ ಮುಂದೆ ಹೋಗುತ್ತೆ, ಈ ವಯಸ್ಸಿಗೆ ಅದು ಚೆನ್ನಾಗೇ ಇದೆ.

ಇದುವರೆಗೆ ಒಂಬತ್ತು ಜನತಾ ಹೀಗೆ ಎಬ್ಬಿಸಿದ್ದೇನೆ. ಒಂದಕ್ಕೆ 900 ರೂಪಾಯಿ ತಗೊಳ್ತೀನಿ, ಲೇತ್ ಕಾಸು ಇನ್ನೂ ಹುಟ್ಟಿಲ್ಲ. ಅಜ್ಜಿಯ ದಬ್ಬಳ ಇನ್ನು ಎರಡು ಇಂಚು ಉಳಿದಿದೆ. ಮೊನ್ನೆ ಪಕ್ಕದಂಗಡಿಯವರೇ ಎರಡು ವಾಚ್ ತಂದು ಮೇಜಿನ ಮೇಲಿಟ್ಟು ಹೋದರು.