ಹಿಂದಕ್ಕೆ ಓಡಿಸಿ ಬಗ್ ಹಿಡಿದೆ: ಹಾಲಿನ ಡೈರಿಯಲ್ಲಿ ಆರ್‌ಆರ್, ನನ್ನ ಅನುಭವ

"ಜಿಡಿಬಿ ಎಲ್ಲ ಕಾಲೇಜ್ ಲ್ಯಾಬಿಗೆ ಸರಿ ಕಣೋ. ಫೀಲ್ಡಲ್ಲಿ ಪ್ರಿಂಟ್‌ಎಫ್ ಹಾಕು, ನೋಡು, ಅಷ್ಟೇ." ನನ್ನ ಜೊತೆಗಾರರಿಬ್ಬರೂ ಇದನ್ನೇ ಹೇಳುತ್ತಿದ್ದರು. (ಜಿಡಿಬಿ ಅಂದರೆ ಓಡುವ ಪ್ರೋಗ್ರಾಮನ್ನು ನಿಲ್ಲಿಸಿ ಒಳಗೆ ನೋಡುವ ಡೀಬಗರ್; ಪ್ರಿಂಟ್‌ಎಫ್ ಅಂದರೆ ಕೋಡಿನ ನಡುವೆ ಬೆಲೆಗಳನ್ನು ಅಚ್ಚು ಹಾಕಿಸುವ ಸಾಲು.) ಹಾಲು ಹಾಕಿಸಿಕೊಳ್ಳುವ ಹೊತ್ತಲ್ಲೇ ಆರ್‌ಆರ್ (rr) ಅನ್ನೋ ಸಾಧನ ಹಾಕಿ ಪ್ರೋಗ್ರಾಮಿನ ಓಟವನ್ನೇ ರೆಕಾರ್ಡ್ ಮಾಡ್ತೀನಿ ಅಂದಾಗ, ಮಷಿನ್ ತೆವಳುತ್ತೆ, ಬೇಡವೇ ಬೇಡ ಅಂದರು. ಕೊನೆಗೆ ಬಗ್ ಸಿಕ್ಕಿದ್ದು ಅದರಿಂದಲೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತುಮಕೂರು ಕಡೆಯ ಒಂದು ಹಾಲಿನ ಡೈರಿ. ತೂಕದ ಮಷಿನ್, ಫ್ಯಾಟ್ ನೋಡುವ ಮಷಿನ್ ಎರಡೂ ಸೀರಿಯಲ್ ಪೋರ್ಟಿನಲ್ಲಿ. ಅವನ್ನು ಓದಿ ಚೀಟಿ ಕೊಡುವ ಸಿ ಪ್ರೋಗ್ರಾಮ್, ಸುಮಾರು 9 ಸಾವಿರ ಸಾಲು. ನನಗಿಂತ ಮುಂಚೆ ಯಾರೋ ಬರೆದದ್ದು. ಹತ್ತು ಹನ್ನೆರಡು ದಿನಕ್ಕೊಮ್ಮೆ ಸೆಗ್‌ಫಾಲ್ಟ್ (ಮುಟ್ಟಬಾರದ ಮೆಮೊರಿ ಮುಟ್ಟಿದ ತಪ್ಪು) ಆಗಿ ಬೀಳುತ್ತಿತ್ತು. ಬಿದ್ದಾಗ ಕ್ಯಾನ್ ಹಿಡಿದವರ ಸಾಲು ರಸ್ತೆವರೆಗೆ ಬರುತ್ತಿತ್ತು.

ಮೊದಲು ನಾನೂ ಪ್ರಿಂಟ್‌ಎಫ್ ಹಾಕಿದೆ. ಜೊತೆಗೆ ಸ್ಟ್ರಕ್ಟ್ (ಹಲವು ಫೀಲ್ಡುಗಳನ್ನು ಮೆಮೊರಿಯಲ್ಲಿ ಅಕ್ಕಪಕ್ಕ ಇಡುವ ಕಟ್ಟು) ಒಳಗೆ 16 ಬೈಟಿನ ಒಂದು ಡೀಬಗ್ ಫೀಲ್ಡ್ ಸೇರಿಸಿದೆ. ಒಂದು ತಿಂಗಳು ಕ್ರ್ಯಾಶ್ ಇಲ್ಲ! ಸರಿಹೋಯ್ತು ಅಂದುಕೊಂಡು ಡೀಬಗ್ ಫೀಲ್ಡ್ ತೆಗೆದು, ಬಿಲ್ ಕೊಟ್ಟು, 25 ಸಾವಿರ ತೆಗೆದುಕೊಂಡೆ. ಎರಡೇ ವಾರ, ಮತ್ತೆ ಬಿತ್ತು. 10 ಸಾವಿರ ವಾಪಸ್ ಕೊಟ್ಟೆ. ಯಾರೋ ರ‍್ಯಾಮ್ ಕೆಟ್ಟಿದೆ ಅಂದರು, ಅದಕ್ಕೆ 1,800. ಕರೆಂಟ್ ಸರಿಯಿಲ್ಲ ಅಂತ ಯುಪಿಎಸ್, ನಾಲ್ಕೂವರೆ ಸಾವಿರದ ಹತ್ತಿರ. ಎರಡೂ ದಂಡ.

ಮೆಮೊರಿ ತಪ್ಪು ಹುಡುಕುವ ವಾಲ್‌ಗ್ರೈಂಡ್ ಹಾಕಿದೆ. ಅದು 20-30 ಪಟ್ಟು ನಿಧಾನ, ಡೈರಿಯಲ್ಲಿ ಆಗದ ಮಾತು. ಮನೆಯಲ್ಲೇ ಎರಡು ರಾತ್ರಿ ಓಡಿಸಿದೆ. ಅದೇ ಕೆಲಸಕ್ಕಿರುವ ಅಡ್ರೆಸ್ ಸ್ಯಾನಿಟೈಜರ್ ಹಾಕಿಯೂ ನೋಡಿದೆ. ಎರಡೂ ಒಂದು ಮಾತೂ ಆಡಲಿಲ್ಲ. ಯಾಕೆ ಅಂತ ಆಮೇಲೆ ಗೊತ್ತಾಯ್ತು: ಒಂದು ಸ್ಟ್ರಕ್ಟ್ ಒಳಗೇ ಒಂದು ಫೀಲ್ಡ್ ದಾಟಿ ಪಕ್ಕದ ಫೀಲ್ಡಿಗೆ ಬರೆದರೆ ಇವೆರಡಕ್ಕೂ ಕಾಣುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ. "ಸ್ಯಾನಿಟೈಜರ್ ಕ್ಲೀನ್" ಅಂದ ಮಾತ್ರಕ್ಕೆ ಮೆಮೊರಿ ಸರಿಯಿದೆ ಅಂತ ಅಲ್ಲ.

ಗಿಟ್ ಬೈಸೆಕ್ಟ್ ಕೂಡ ಮಾಡಿದೆ, ಅಂದರೆ ತಪ್ಪು ಯಾವ ವರ್ಷನ್‌ನಲ್ಲಿ ಬಂತು ಅಂತ ಅರ್ಧರ್ಧ ಮಾಡುತ್ತಾ ಹುಡುಕುವುದು. ಹಳೆಯ ಕೋಡಿಗೆ ಗಿಟ್ ಇರಲಿಲ್ಲ, ಬರೀ ಜಿಪ್ ಫೈಲುಗಳು. 23 ಜಿಪ್ ಬಿಚ್ಚಿ, ತಾರೀಕಿನ ಪ್ರಕಾರ ಒಂದೊಂದಾಗಿ ಕಮಿಟ್ ಮಾಡಿದೆ. ಅರ್ಧ ದಿನ ಹೋಯ್ತು. ಇಷ್ಟಾದರೂ ಒಳ್ಳೆಯ ವರ್ಷನ್ ಅಂತ ಒಂದೂ ಸಿಗಲಿಲ್ಲ, ತಪ್ಪು ಮೊದಲ ಜಿಪ್‌ನಲ್ಲೇ ಇತ್ತು. ಆದರೆ ಆ ನೆಪದಲ್ಲಿ ಎಸ್‌ಟ್ರೇಸ್ (ಪ್ರೋಗ್ರಾಮ್ ಸಿಸ್ಟಮ್‌ನಿಂದ ಏನು ಓದುತ್ತದೆ, ಏನು ಬರೆಯುತ್ತದೆ ಅಂತ ತೋರಿಸುವ ಸಾಧನ) ಹಾಕಿ ಸೀರಿಯಲ್ ಪೋರ್ಟ್ ನೋಡಿದೆ. ತೂಕದ ಮಷಿನ್ ಆಗಾಗ ಒಂದು ಖಾಲಿ ಸಾಲು ಜಾಸ್ತಿ ಕಳಿಸುತ್ತಿತ್ತು. ಒಮ್ಮೊಮ್ಮೆ ತೂಕ ಸೊನ್ನೆ ಅಂತ ಬರುತ್ತಿದ್ದ ಹಳೆಯ ದೂರು ಅಲ್ಲೇ ಬಗೆಹರಿಯಿತು.

ಮುಂದೆ ಕೋರ್ ಡಂಪ್, ಅಂದರೆ ಪ್ರೋಗ್ರಾಮ್ ಬಿದ್ದ ಕ್ಷಣದ ಮೆಮೊರಿಯ ಪ್ರತಿ. ಮೊದಲ ಕೋರ್ ತೆರೆದರೆ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಅನ್ನುವ ಪಟ್ಟಿ) ತುಂಬ ಪ್ರಶ್ನೆ ಚಿಹ್ನೆ, ಬೈನರಿ ಸ್ಟ್ರಿಪ್ ಆಗಿತ್ತು, ಅಂದರೆ ಫಂಕ್ಷನ್ ಹೆಸರುಗಳ ಸಿಂಬಲ್ ತೆಗೆದುಹಾಕಿದ್ದರು. ಸಿಂಬಲ್ ಇರುವ ಬೈನರಿ ಹಾಕಿ ಮತ್ತೆ ಹನ್ನೊಂದು ದಿನ ಕಾದೆ. ಈ ಸಲ ಜಾಗ ಸಿಕ್ಕಿತು: ಹಿಂದಿನ ಚೀಟಿ ಮೆಮೊರಿಯಲ್ಲಿ ಎಲ್ಲಿದೆ ಅಂತ ಹೇಳುವ ಪಾಯಿಂಟರ್ ಕೆಟ್ಟಿದೆ. ಕೆಡಿಸಿದ್ದು ಯಾರು? ಅದನ್ನು ಕೋರ್ ಹೇಳುವುದಿಲ್ಲ.

ಡೈರಿಗೆ ಹೋಗಿ ಜಿಡಿಬಿ ಅಟ್ಯಾಚ್ ಮಾಡಿ ವಾಚ್‌ಪಾಯಿಂಟ್ ಇಟ್ಟೆ, ಆ ಜಾಗ ಬದಲಾದ ಕೂಡಲೇ ಪ್ರೋಗ್ರಾಮ್ ನಿಲ್ಲಲಿ ಅಂತ. ಪ್ರತಿ ಚೀಟಿಗೂ ಆ ಪಾಯಿಂಟರ್ ಬದಲಾಗುತ್ತದೆ, ಪ್ರತಿ ಸಲವೂ ಸ್ಕ್ರೀನ್ ನಿಲ್ಲುತ್ತದೆ. ಇಪ್ಪತ್ತು ನಿಮಿಷದಲ್ಲಿ ಕಾರ್ಯದರ್ಶಿಗಳು ಬಂದು, "ಸಾರ್, ಹಾಲಿನ ಗಾಡಿ ಬರೋ ಹೊತ್ತಾಯ್ತು, ಬಿಟ್ಬಿಡಿ" ಅಂದರು. ಅವರ ಮಾತು ಸರಿಯೇ.

ಆಗ ಆರ್‌ಆರ್ ನೆನಪಾಯಿತು. ಮೊಜಿಲ್ಲಾದವರು ಫೈರ್‌ಫಾಕ್ಸ್ ಬಗ್ ಹಿಡಿಯಲು ಮಾಡಿದ ಸಾಧನ. ಓಟವನ್ನು ರೆಕಾರ್ಡ್ ಮಾಡಿ, ಆಮೇಲೆ ಹಿಂದಕ್ಕೂ ಓಡಿಸಬಹುದು. ಮೊದಲು ವರ್ಚುವಲ್‌ಬಾಕ್ಸಿನಲ್ಲಿ (ಕಂಪ್ಯೂಟರ್ ಒಳಗೆ ಓಡುವ ಇನ್ನೊಂದು ನಕಲಿ ಕಂಪ್ಯೂಟರ್) ಹಾಕಿದೆ. ಆರ್‌ಆರ್‌ಗೆ ಬೇಕಾದ ಪ್ರೊಸೆಸರ್ ಕೌಂಟರ್ ಸಿಗದೆ ಶುರುವೇ ಆಗಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಇಂಟೆಲ್ ಲ್ಯಾಪ್‌ಟಾಪ್ ತಂದೆ, 14 ಸಾವಿರ. ರೆಕಾರ್ಡ್ ಮಾಡಿದ ಮಷಿನ್‌ನಲ್ಲೇ ರೀಪ್ಲೇ ಮಾಡುವುದು ಕ್ಷೇಮ, ಅದಕ್ಕೇ ಡೈರಿಯ ಪೆಟ್ಟಿಗೆ ಬದಿಗಿಟ್ಟು ಈ ಲ್ಯಾಪ್‌ಟಾಪ್ ಇಟ್ಟೆ. ಆ ಕೌಂಟರ್ ಓದಲು ಅನುಮತಿ ಕೊಡುವ ಲಿನಕ್ಸ್ ಸೆಟ್ಟಿಂಗ್, ಪರ್ಫ್ ಈವೆಂಟ್ ಪ್ಯಾರನಾಯ್ಡ್, 1 ಮಾಡುವುದು ಮರೆಯಬೇಡಿ, ನನಗೆ ಅದರಲ್ಲೇ ಒಂದು ಬೆಳಗ್ಗೆ ಹೋಯ್ತು.

ಮಷಿನ್ ತೆವಳಲಿಲ್ಲ. ನಮ್ಮ ಪ್ರೋಗ್ರಾಮ್ ಮುಕ್ಕಾಲು ಹೊತ್ತು ಕೀಲಿ ಒತ್ತುವುದನ್ನೇ ಕಾಯುತ್ತಿರುತ್ತದೆ ಅಲ್ವಾ? ಹಾಲು ಹಾಕುವವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಬೆಳಗ್ಗೆ ಒಂದು, ಸಂಜೆ ಒಂದು ರೆಕಾರ್ಡ್. ಒಂದೊಂದೂ ಸುಮಾರು 300 ಎಂಬಿ ಬರುತ್ತಿತ್ತು. ಅದನ್ನು 40ಕ್ಕೆ ಇಳಿಸಿದ ಉಪಾಯ ಒಂದಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಒಂಬತ್ತನೇ ದಿನ ಸಂಜೆ ಬಿತ್ತು. ರಾತ್ರಿ ಮನೆಗೆ ತಂದು ರೀಪ್ಲೇ ಹಾಕಿದೆ. ಬಿದ್ದ ಜಾಗಕ್ಕೆ ಬಂದು, ಆ ಪಾಯಿಂಟರ್ ಇರುವ ವಿಳಾಸದ ಮೇಲೆ ವಾಚ್ ಇಟ್ಟು, ಹಿಂದಕ್ಕೆ ಓಡಿಸುವ ರಿವರ್ಸ್ ಕಂಟಿನ್ಯೂ ಕೊಟ್ಟೆ. ಎಂಟ್ಹತ್ತು ಸೆಕೆಂಡ್ ಆಗಿರಬಹುದು. ನಿಂತದ್ದು ಸದಸ್ಯರ ಹೆಸರು ಕಾಪಿ ಮಾಡುವ ಲೂಪ್‌ನಲ್ಲಿ! ಯಾರೋ ಕೈಯಲ್ಲೇ ಬರೆದ ವೈಲ್ ಲೂಪ್, ಉದ್ದದ ಲೆಕ್ಕ ಇಲ್ಲ. ನಾಲ್ಕು ತಿಂಗಳ ಗೋಳು ಆ ಒಂದು ಸಾಲಿನಲ್ಲಿತ್ತು.

ಹೆಸರಿಗೆ 32 ಬೈಟ್ ಜಾಗ, ಅದರ ಪಕ್ಕದಲ್ಲೇ ಪಾಯಿಂಟರ್. ಆ ಸದಸ್ಯರ ಹೆಸರು ವೀರಭದ್ರಸ್ವಾಮಿ ಅಂತಿಟ್ಟುಕೊಳ್ಳಿ. ಕಣ್ಣಿಗೆ ಆರೇ ಅಕ್ಷರ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿ) ಒತ್ತು, ಗುಣಿತ ಎಲ್ಲ ಸೇರಿ 13 ಸಂಕೇತ. ಒಂದೊಂದಕ್ಕೆ 3 ಬೈಟ್, ಅಂದರೆ 39, ಹೆಸರು ಮುಗಿಯಿತು ಅನ್ನುವ ಕೊನೆಯ ಸೊನ್ನೆ ಸೇರಿ 40. ಜಾಸ್ತಿಯಾದ 8 ಬೈಟ್ ಸರಿಯಾಗಿ ಪಾಯಿಂಟರ್ ಮೇಲೆ ಕೂತಿತ್ತು. ಪಾಯಿಂಟರಿನ ಬೆಲೆ ನೋಡಿದರೆ ಬಿಎಫ್ ಬಿ2 ಇ0, ಎಇ ಬಿ2 ಇ0, ಬಿಇ. ಇಂಟೆಲ್‌ನಲ್ಲಿ ಪಾಯಿಂಟರಿನ ಬೈಟುಗಳು ತಿರುಗುಮುರುಗಾಗಿ ಕಾಣುತ್ತವೆ, ಅದಕ್ಕೇ ಹಿಂದಿನಿಂದ ಓದಿ: ಇ0 ಬಿ2 ಎಇ ಅಂದರೆ ಮ, ಇ0 ಬಿ2 ಬಿಎಫ್ ಅಂದರೆ ಗುಡಿಸು. ಪಾಯಿಂಟರ್ ಜಾಗದಲ್ಲಿ "ಮಿ" ಕೂತಿತ್ತು! ಈಗ ಯಾವ ಕೋರ್ ತೆರೆದರೂ ನಾನು ಮೊದಲು ಹುಡುಕುವುದು ಕನ್ನಡ ಸಂಕೇತಗಳು ಶುರುವಾಗುವ ಇ0 ಬಿ2, ಇ0 ಬಿ3.

ಡೈರಿಯವರು ಹೆಸರುಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಿಸಿದ ಮೇಲೇ ಇದು ಶುರುವಾದದ್ದು. ಇಂಗ್ಲಿಷಿನಲ್ಲಿ ಅದೇ ಹೆಸರು 16 ಬೈಟ್. ಉದ್ದ ಹೆಸರಿನವರು 30-40 ಜನ ಇದ್ದರು. ಆದರೆ ತೂಕ ಮಾಡಿದರೆ ಹೊಸ ಚೀಟಿ ಬಂದು ಪಾಯಿಂಟರ್ ಸರಿಹೋಗುತ್ತಿತ್ತು. ನಂಬರ್ ಹೊಡೆದು, ಕ್ಯಾನ್ಸಲ್ ಮಾಡಿ, ಡೂಪ್ಲಿಕೇಟ್ ಚೀಟಿ ಒತ್ತಿದರೆ ಮಾತ್ರ ಬೀಳುತ್ತಿತ್ತು. ನನ್ನ ಡೀಬಗ್ ಫೀಲ್ಡ್ ಆ ಒಂದು ತಿಂಗಳು ಹೆಸರಿಗೂ ಪಾಯಿಂಟರಿಗೂ ಮಧ್ಯದಲ್ಲಿ ನಿಂತು ಪೆಟ್ಟು ತಿಂದಿತ್ತು.

ಸರಿಮಾಡುವಾಗಲೂ ಒಮ್ಮೆ ಎಡವಿದೆ. 31 ಬೈಟಿಗೆ ಕತ್ತರಿಸಿದೆ. 10 ಸಂಕೇತ ಆದಮೇಲೆ ಒಂದು ಒಂಟಿ ಬೈಟ್ ಉಳಿದು ಚೀಟಿಯಲ್ಲಿ ಪ್ರಶ್ನೆ ಚಿಹ್ನೆ ಬಂತು. ಆ ಯಜಮಾನರು ಚೀಟಿ ವಾಪಸ್ ಕೊಟ್ಟು, "ಇದು ನನ್ನ ಹೆಸರಲ್ಲಪ್ಪ" ಅಂದರು. ಜಾಗ 128 ಮಾಡಿ, ಕಾಪಿಗೆ ಮಿತಿ ಹಾಕಿದೆ. ಮರುದಿನ ಬೆಳಗ್ಗೆ ಅವರ ನಂಬರ್ ಹೊಡೆದು, ಕ್ಯಾನ್ಸಲ್ ಮಾಡಿ, ಡೂಪ್ಲಿಕೇಟ್ ಒತ್ತಿದೆ. ಚೀಟಿ ಬಂತು. ಆರೂ ಅಕ್ಷರ ಇದ್ದವು.