ಮಗುವಿನ ಚಿಕಿತ್ಸೆಗೆ ಎರಡು ವಿಮೆಗಳಿದ್ದರೆ ಮೊದಲು ಯಾವುದು?

ಹೃದಯ, ಮೂತ್ರಪಿಂಡ ಅಥವಾ ನರರೋಗದ ತಜ್ಞರ ಚಿಕಿತ್ಸೆಗಾಗಿ ಮಕ್ಕಳನ್ನು ತುಮಕೂರಿನಿಂದ ಬೆಂಗಳೂರಿಗೆ ಕರೆದೊಯ್ಯುವ ಪೋಷಕರು ದಯವಿಟ್ಟು ಗಮನಿಸಿ. ತಂದೆ ಮತ್ತು ತಾಯಿ ಇಬ್ಬರ ಕಚೇರಿಯ ವಿಮೆಯಲ್ಲೂ ಮಗುವಿನ ಹೆಸರಿದ್ದರೆ, ಯಾವ ಪಾಲಿಸಿಯನ್ನು ಮೊದಲು ಬಳಸಬೇಕೆಂದು ಆರಿಸುವ ಹಕ್ಕು ನಿಮ್ಮದೇ ಆಗಿರುತ್ತದೆ. ಉಳಿದ ಮೊತ್ತವನ್ನು ಎರಡನೆಯದರಿಂದ ಕೇಳಬಹುದು. ಆದರೆ ಎರಡೂ ಸೇರಿ ನಿಜವಾದ ಖರ್ಚನ್ನು ಮೀರುವಂತಿಲ್ಲ.

ಕೊಠಡಿ ಬಾಡಿಗೆಗೆ ಮಿತಿ ಇಲ್ಲದ ಪಾಲಿಸಿಯನ್ನೇ ಮೊದಲು ಬಳಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಏಕೆಂದರೆ ಮಿತಿ ಮೀರಿದ ಕೊಠಡಿಯನ್ನು ಪಡೆದಾಗ ಅನೇಕ ಪಾಲಿಸಿಗಳು ಬಾಡಿಗೆಯ ವ್ಯತ್ಯಾಸವನ್ನಷ್ಟೇ ಅಲ್ಲದೆ, ವೈದ್ಯರ ಮತ್ತು ಶಸ್ತ್ರಚಿಕಿತ್ಸೆಯ ಶುಲ್ಕವನ್ನೂ ಅದೇ ಅನುಪಾತದಲ್ಲಿ ಕಡಿತಗೊಳಿಸುತ್ತವೆ. ಮಗುವಿನ ಜೊತೆ ತಾಯಿಯೂ ಉಳಿಯಬೇಕಾದುದರಿಂದ ಪ್ರತ್ಯೇಕ ಕೊಠಡಿ ಬೇಕಾಗುವುದು ಸಹಜ.

ಮೊದಲ ವಿಮೆಯಲ್ಲಿ ನಗದುರಹಿತ ಚಿಕಿತ್ಸೆ ಮುಗಿದ ಮೇಲೆ ಆ ಕಂಪನಿಯ ಸೆಟಲ್‌ಮೆಂಟ್ ಪತ್ರ (ಅದು ಎಷ್ಟು ಹಣ ಕೊಟ್ಟಿದೆ ಎಂಬ ವಿವರ), ಆಸ್ಪತ್ರೆಯ ಮೊಹರು ಹಾಕಿದ ಬಿಲ್ಲುಗಳ ಪ್ರತಿಗಳು, ಡಿಸ್ಚಾರ್ಜ್ ಸಮ್ಮರಿ ಮತ್ತು ನೀವು ಕೈಯಿಂದ ಕಟ್ಟಿದ ಹಣದ ರಸೀದಿಗಳನ್ನು ಎರಡನೆಯ ಕಂಪನಿಗೆ ಸಲ್ಲಿಸಬೇಕು. ಮೂಲ ಬಿಲ್ಲುಗಳು ಮೊದಲ ಕಂಪನಿಗೆ ಹೋಗಿಬಿಡುವುದರಿಂದ, ಮೊಹರು ಹಾಕಿದ ಪ್ರತಿಗಳನ್ನು ಆಸ್ಪತ್ರೆಯಿಂದ ಹೊರಡುವ ದಿನವೇ ಕೇಳಿ ಪಡೆಯಿರಿ. ದಾಖಲಾಗುವ ಮುಂಚಿನ ತಪಾಸಣೆ ಮತ್ತು ಪರೀಕ್ಷೆಗಳ ಖರ್ಚೂ ಹಲವು ಪಾಲಿಸಿಗಳಲ್ಲಿ ನಿಗದಿತ ದಿನಗಳವರೆಗೆ ಸಿಗುತ್ತದೆ. ಆ ರಸೀದಿಗಳನ್ನೂ ಕಾಪಾಡಿಕೊಳ್ಳಿ.

ಎರಡೂ ಕಾರ್ಡುಗಳಲ್ಲಿ ಮಗುವಿನ ಹೆಸರಿನ ಕಾಗುಣಿತ ಮತ್ತು ಜನ್ಮದಿನಾಂಕ ಒಂದೇ ಇವೆಯೇ ಎಂದು ಇಂದೇ ಪರಿಶೀಲಿಸಿ.