ಹಳೆಯ ಡಸ್ಟರ್ ಕೊಳ್ಳುವ ಮುನ್ನ

ಹಳೆಯ ಎಸ್‌ಯುವಿ ಹುಡುಕುತ್ತಿರುವವರಿಗೆ ನನ್ನ ಮೊದಲ ಆಯ್ಕೆ ರೆನೋ ಡಸ್ಟರ್ ಡೀಸೆಲ್, ಅದರಲ್ಲೂ 85 ಪಿಎಸ್ (ಎಂಜಿನ್ ಶಕ್ತಿಯ ಅಳತೆ) ಮಾದರಿ. 110 ಪಿಎಸ್ ಮಾದರಿಗೆ ಓಟ ಹೆಚ್ಚು, ನಿಜ. ಆದರೆ 85ರ ಟರ್ಬೊ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಭಾಗ, ಸರಳ ರಚನೆಯದು. ಹಳೆಯದಾದ ಮೇಲೆ ಸರಳತೆಯೇ ಲಾಭ. ಇಂಧನವನ್ನೂ ಹಿತಮಿತವಾಗಿಯೇ ಕುಡಿಯುತ್ತದೆ.

ಟೈಮಿಂಗ್ ಬೆಲ್ಟ್ (ವಾಲ್ವ್ ಮತ್ತು ಪಿಸ್ಟನ್‌ಗಳ ಚಲನೆಯನ್ನು ಹೊಂದಿಸುವ ಪಟ್ಟಿ) ಬದಲಿಸಿದ ಬಿಲ್ ಇದೆಯೇ ಎಂದು ದಯವಿಟ್ಟು ಕೇಳಿ. ಈ ಡೀಸೆಲ್ ಎಂಜಿನ್ನಿನಲ್ಲಿರುವುದು ಚೈನ್ ಅಲ್ಲ, ಬೆಲ್ಟ್. ಓಡುವಾಗ ತುಂಡಾದರೆ ವಾಲ್ವ್‌ಗಳಿಗೆ ಪಿಸ್ಟನ್ ಬಡಿದು ಎಂಜಿನ್ನೇ ಹಾಳಾಗುತ್ತದೆ. ಬಿಲ್ ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಕಡಿತಗೊಳಿಸಿ, ಕೊಂಡ ಕೂಡಲೇ ಹೊಸದನ್ನು ಹಾಕಿಸಿ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ನೋಡಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೋಗಿ.

ದೆಹಲಿ ನೋಂದಣಿಯ ಗಾಡಿ ಅಗ್ಗವೆನಿಸಿದರೆ, ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ) ಮತ್ತು ಕರ್ನಾಟಕದ ಜೀವಿತಾವಧಿ ತೆರಿಗೆಯನ್ನೂ ಸೇರಿಸಿ ಲೆಕ್ಕ ಹಾಕಿ.